ಅಮ್ಮನ ಎದೆಬಡಿತ ಅವನಿಗೆ ಹೇಗೆ ಗೊತ್ತಾಯ್ತು?

"ಅಮ್ಮಾ, ನಿನ್ನೆ ನಿಮ್ಮ ಎದೆಬಡಿತ ಏರಿತ್ತಲ್ಲಾ? ಸಂಜೆ ಪಾರ್ಕಿನಲ್ಲಿ ಒಬ್ಬರೇ ನಡೀತೀರಿ, ಏನಾದ್ರೂ ಆದ್ರೆ? ಡಾಕ್ಟರ ಮಾತ್ರೆ ಬಿಡಿ, ನಮ್ಮ ಪುಡಿ ತಗೊಳ್ಳಿ."

ಫೋನಿನಲ್ಲಿ ಯಾರೋ ಇಷ್ಟು ಹೇಳಿದ್ದೇ ತಡ, ಬೀಗ ರಿಪೇರಿಯವನ ತಾಯಿ ಫೋನ್ ಕೆಳಗಿಟ್ಟು ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ಆಕೆ ಹೊಸಿಲು ದಾಟಲಿಲ್ಲ. ಕಿಟಕಿ ತೆರೆಯಲೂ ಬಿಡಲಿಲ್ಲ. ಹೃದಯದ ಮಾತ್ರೆ ನುಂಗದೆ ದಿಂಬಿನಡಿ ಇಟ್ಟಿದ್ದು ಮಗನ ಕಣ್ಣಿಗೆ ಬಿತ್ತು. ಪಾಪ, ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಬಾಗಿಲಿಗೆ ಇನ್ನೊಂದು ಬೀಗ ಜಡಿದ.

ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ತಂಗಿ ನೋಡಲು ಬಂದಳು. ಫೋನ್ ಬಂದ ಕಥೆ ಕೇಳಿದ ಅವಳ ಕಣ್ಣು ಅಮ್ಮನ ಕೈಯಲ್ಲಿದ್ದ ಅಗ್ಗದ ಸ್ಮಾರ್ಟ್‌ವಾಚಿನ ಮೇಲೆ ಬಿತ್ತು.

"ಅಣ್ಣಾ, ಇದರ ಆ್ಯಪ್ ಅಮ್ಮನ ಫೋನಿಗೆ ಹಾಕಿದ್ದು ಯಾರು?"

"ನಾನೇ. ಏನೇನೋ ಕೇಳ್ತು. ಎಲ್ಲದಕ್ಕೂ ಒಪ್ಪಿಗೆ ಒತ್ತಿದೆ."

"ಅಯ್ಯೋ ಪುಣ್ಯಾತ್ಮ! ಯಾರಾದ್ರೂ ಬಂದು ಕೀಲಿ ಮಾಡಿಕೊಡು ಅಂದ್ರೆ, ಯಾರ ಮನೆಯದು ಅಂತ ಹತ್ತು ಸಲ ಕೇಳ್ತೀಯ. ಇದಕ್ಕೆ ಕೇಳಲೇ ಇಲ್ವಾ? ಅಮ್ಮ ಎಲ್ಲಿದಾಳೆ, ಎದೆ ಹೇಗೆ ಬಡೀತಿದೆ, ಎಲ್ಲಾ ಹೊತ್ಕೊಂಡು ಹೋಗಿ ಕಂಪನಿಗೆ ಕೊಡ್ತಿದೆ. ಅಲ್ಲಿಂದ ಯಾರ ಕೈ ಸೇರ್ತೋ!"

ಅವನು ಅಮ್ಮನ ಕೈಯಿಂದ ವಾಚ್ ಬಿಚ್ಚಿದ. ಅಮ್ಮನನ್ನು ಹಿಡಿದುಕೊಟ್ಟವನು ತಾನೇ!

"ಹಾಗಾದ್ರೆ ವಾಚ್ ಎಸೆದುಬಿಡ್ತೀನಿ."

"ಎಸೀಬೇಡ. ಓಪನ್ ಸೋರ್ಸ್ ಆ್ಯಪ್ ಅಂತ ಇದಾವೆ. ಅವುಗಳ ಒಳಗೆ ಏನಿದೆ ಅಂತ ತಿಳಿದವರು ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ನಾನು ಹೇಳೋ ಆ್ಯಪ್ ಇಂಟರ್ನೆಟ್ಟೇ ಕೇಳಲ್ಲ. ವಿವರ ಎಲ್ಲಾ ಫೋನಿನಲ್ಲೇ ಉಳಿಯುತ್ತೆ."

"ಎಲ್ಲರೂ ಬಿಚ್ಚಿ ನೋಡಬಹುದಾದ್ರೆ ಕಳ್ಳನೂ ನೋಡ್ತಾನಲ್ಲೇ!"

"ಬೀಗದೊಳಗೆ ಏನಿರುತ್ತೆ ಅಂತ ನಿನ್ನ ಕಸುಬಿನವರಿಗೆಲ್ಲ ಗೊತ್ತು. ಹಾಗಂತ ನಮ್ಮನೆ ಕೀಲಿ ಅವರ ಹತ್ರ ಇದೆಯಾ?"

ಅವನು ಅಮ್ಮನ ಫೋನ್ ತಂದು ತಂಗಿಯ ಕೈಗಿಟ್ಟ.

ತಂಗಿ ಮೊದಲು ಹಳೇ ಆ್ಯಪಿನ ಖಾತೆ ಅಳಿಸಿದಳು, ಆಮೇಲೆ ಆ್ಯಪನ್ನೇ ತೆಗೆದಳು. ವಾಚಿನ ಮಾಡೆಲ್ ಹೊಂದುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಹೊಸದನ್ನು ಹಾಕಿದಳು.

"ಇನ್ನು ಆ ಮನುಷ್ಯ ಫೋನ್ ಮಾಡಲ್ಲ ತಾನೆ?" ಅಮ್ಮ ಕೇಳಿದಳು.

"ಮಾಡಬಹುದಮ್ಮ. ಹೋದದ್ದನ್ನ ವಾಪಸ್ ತರಕ್ಕಾಗಲ್ಲ. ಇನ್ಮೇಲೆ ಹೋಗೋದು ನಿಂತಿದೆ, ಅಷ್ಟೇ. ಏಳು, ಮಾತ್ರೆ ವಿಷಯ ಡಾಕ್ಟರನ್ನೇ ಕೇಳೋಣ."

ಅಮ್ಮ ಎದ್ದಳು. ಮಗನ ತೋಳನ್ನು ಗಟ್ಟಿಯಾಗಿ ಹಿಡಿದು, ಹಿಂದೆ ಮುಂದೆ ನೋಡುತ್ತಾ ಬೀದಿಗಿಳಿದಳು.

ಓದುಗರೇ, ಆ ಪುಡಿ ಮಾರುವವನಿಗೆ ಇನ್ನೂ ಯಾರ್ಯಾರ ಎದೆಬಡಿತ ಗೊತ್ತಿದೆಯೋ! ನಿಮ್ಮ ಮನೆಯವರ ವಾಚಿನ ಆ್ಯಪ್ ಏನೇನು ಕೇಳಿದೆ ಎಂದು ಇವತ್ತೇ ನೋಡಿ. ಬೇಡದ ಅನುಮತಿ ಕಿತ್ತುಹಾಕಿ. ವಾಚ್ ಕೊಳ್ಳುವ ಮುಂಚೆ ಅದು ಓಪನ್ ಸೋರ್ಸ್ ಆ್ಯಪಿಗೆ ಹೊಂದುತ್ತದೆಯೇ ಎಂದು ವಿಚಾರಿಸಿ, ತಿಳಿಯದಿದ್ದರೆ ತಿಳಿದವರನ್ನು ಕೇಳಿ. ನಿಮ್ಮ ತಾಯಿಗೆ ಅಂಥ ಫೋನ್ ಬರುವವರೆಗೆ ಕಾಯಬೇಡಿ.