ಐದನೇ ನಿಮಿಷದ ದನಿ

ನಾನು ಮೂರು ಮಾರುದ್ದದ ಒಂದು ಲೋಹದ ಕಡ್ಡಿ, ಗಗನನೌಕೆಯ ಆಂಟೆನಾ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನನ್ನನ್ನು ಜೋಡಿಸಿದವಳು ಮೃಡಾನಿ. ತಲೆಗೆ ಟೋಪಿ, ಕೈಗೆ ಗವಸು ಹಾಕಿಕೊಂಡು, ಎಣ್ಣೆನೀರು ಹಾಕಿದ ಕೂಸನ್ನು ಒರೆಸುವ ಹಾಗೆ ಒರೆಸುತ್ತಿದ್ದಳು.

ಗಾಳಿಯಿಲ್ಲದ ಕಡೆ ಸದ್ದೆಲ್ಲಿಯದು ಅನ್ನುತ್ತೀರಿ. ನಿಜ. ಆದರೆ ಅಲ್ಲೂ ವಿದ್ಯುತ್ತು ಹೊತ್ತ ಕಣಗಳ ಮೋಡವಿದೆ, ಪ್ಲಾಸ್ಮಾ ಅಂತ ಅದರ ಹೆಸರು. ಅದರಲ್ಲಿ ಏಳುವ ಅಲೆಗಳನ್ನು ಹಿಡಿಯುವುದೇ ನನ್ನ ಕೆಲಸ. ಏಳು ಸಮುದ್ರದಾಚೆ, ಕೀಳು ಸಮುದ್ರದಾಚೆ ಒಂದು ದೊಡ್ಡ ಗ್ರಹವನ್ನು ಸುತ್ತುವ, ಮೈಯೆಲ್ಲ ಮಂಜುಗಡ್ಡೆಯ ಒಬ್ಬ ಹಿಮಚಂದ್ರನಿದ್ದಾನೆ. ಅವನ ಬಿರುಕುಗಳಿಂದ ನೀರಾವಿ ಚಿಮ್ಮುತ್ತಿದ್ದರೆ ಅಲೆಗಳೇ ಹೇಳುತ್ತವೆ ಎಂಬುದು ಮೃಡಾನಿಯ ವಾದ. ಯಾರೂ ನಂಬಿರಲಿಲ್ಲ.

ಪರೀಕ್ಷೆಯ ದಿನ ನೌಕೆಯಲ್ಲಿ ನನ್ನ ಪಕ್ಕದ ಹೀಟರ್ ಗುಂಯ್‌ಗುಟ್ಟಿ ನನ್ನ ಕಿವಿ ತುಂಬಿತು. ಹಿರಿಯರಾದ ಶೇಷಾದ್ರಯ್ಯನವರು ಆ ಶ್ರುತಿಯನ್ನು ಸೋಸಿ ಎಸೆಯುವ ಫಿಲ್ಟರ್ ಒಂದನ್ನು ನೌಕೆಯ ಕಂಪ್ಯೂಟರಿಗೆ ಬರೆಸಿದರು. ಮರುವಾರ ಹೀಟರನ್ನೇ ಬದಲಾಯಿಸಿದರು. ಹೊಸದು ಮೂಕ.

"ಸರ್, ಹೀಟರೇ ಹೋಯ್ತಲ್ಲ, ಫಿಲ್ಟರೂ ತೆಗ್ದುಬಿಡೋಣ," ಎಂದಳು ಮೃಡಾನಿ.

"ಏಳು ಜನರ ಸಹಿ ಬಿದ್ದಾಗಿದೆ ಕಣಮ್ಮ. ಒಂದು ಸಾಲು ಮುಟ್ಟಿದ್ರೂ ಪರೀಕ್ಷೆಯೆಲ್ಲಾ ಮೊದಲಿಂದ."

"ಚಂದ್ರ ಅದೇ ಶ್ರುತೀಲಿ ಹಾಡಿದ್ರೆ?"

"ನಮ್ಮ ಹೀಟರ್ ಹತ್ರ ಪಾಠ ಹೇಳಿಸ್ಕೊಂಡಿದಾನೇನಮ್ಮ ನಿನ್ ಚಂದ್ರ?"

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

ಎಂಟು ವರ್ಷ ಹಾರಿದೆವು. ಹಿಮಚಂದ್ರನ ಪಕ್ಕ ಹಾಯುವುದು ಎರಡೇ ಸಲ, ಸಲಕ್ಕೆ ಹನ್ನೊಂದು ನಿಮಿಷ. ಮೊದಲ ಸಲವೇ ಚಂದ್ರ ಹಾಡಿದ. ಅದೇ ಶ್ರುತಿ! ಫಿಲ್ಟರ್ ಮಹಾರಾಯ ಇಲ್ಲದ ಹೀಟರನ್ನು ಕಾಯುತ್ತಾ ಎಲ್ಲವನ್ನೂ ಗುಡಿಸಿ ಎಸೆದ. ಭೂಮಿಗೆ ಹೋದದ್ದು ಬರಿಯ ಮೌನ. ಕೂಗಿ ಹೇಳೋಣವೆಂದರೆ, ಕಿವಿ ಕೊಟ್ಟವರು ಬಾಯಿ ಕೊಟ್ಟಿರಲಿಲ್ಲ.

ಎರಡನೆಯ ಸಲ, ಅದೇ ಕೊನೆಯದು. ಒಂದು, ಎರಡು, ಮೂರು ನಿಮಿಷ. ಚಂದ್ರ ಹಾಡುತ್ತಲೇ ಇದ್ದಾನೆ, ಫಿಲ್ಟರ್ ಗುಡಿಸುತ್ತಲೇ ಇದೆ. ಏಳನೆಯ ನಿಮಿಷ ಮುಗಿಯುವಾಗ ಆದೇಶ ಬಂತು: "ಫಿಲ್ಟರ್ ತೆಗೆ. ಮೃಡಾನಿ." ಅದರ ಕೆಳಗೆ ಏಳು ಒಪ್ಪಿಗೆಗಳು. ಒಬ್ಬೊಬ್ಬರ ಮೇಜಿನ ಮೇಲೆ ಅದೆಷ್ಟು ಹೊತ್ತು ಕೂತಿತ್ತೋ!

ಉಳಿದ ನಾಲ್ಕು ನಿಮಿಷವನ್ನು ಬಾಚಿಕೊಂಡೆ; ನೌಕೆ ಮೊದಲು ಅದರ ಸಾರಾಂಶ ಕಳಿಸಿತು. ಎರಡು ದಿನಕ್ಕೆ ಮತ್ತೆ ಅವಳದೇ ಆದೇಶ: "ಸಾರಾಂಶ ಸಾಲದು. ನಾಲ್ಕೂ ನಿಮಿಷ ಪೂರ್ತಿ ಕಳಿಸು." ಅಂದರೆ ಅವಳಿಗೆ ನೀರಾವಿಯ ಸುಳಿವು ಸಿಕ್ಕಿತ್ತು. ಇನ್ನು ಯಾರೂ ನಗಲಾರರು.

ಈಗ ಇಂಧನ ಮುಗಿದಿದೆ, ಆದೇಶಗಳೂ ನಿಂತಿವೆ. ದೊಡ್ಡ ಗ್ರಹವನ್ನು ಸುಮ್ಮನೆ ಸುತ್ತುತ್ತಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ. ನಾವು ಬಿರುಕಿನ ನೆತ್ತಿಯ ಮೇಲೆಯೇ ಹಾಯ್ದದ್ದು ಐದನೆಯ ನಿಮಿಷದಲ್ಲಿ. ಆಗಿನ ದನಿ ಹೇಗಿತ್ತೆಂದು ಮೃಡಾನಿಗೂ ಗೊತ್ತಿಲ್ಲ. ನನಗೆ ಗೊತ್ತು, ಹೇಳಲಾರೆ.