ಮಾಂಜ್ರಾ ದಾಟಿ ಹೋದ ಮಾಸ್ತರರು

ಗಿಡಿಯೋನ ಮಾಸ್ತರರು ತೀರಿಕೊಂಡು ಅಂದಿಗೆ ಒಂದು ವರ್ಷ. ಬೀದರದ ಅವರ ಮನೆಯಲ್ಲಿ ಮಧ್ಯಾಹ್ನದ ಪ್ರಾರ್ಥನೆ ಮುಗಿದು, ಬಂದವರೆಲ್ಲ ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಮಗಳು ದೇಬೋರಾ ಮಾತ್ರ ಒಂದು ಕಡೆ ಕೂರಲಿಲ್ಲ. ಹೊರಗೆ ಟಾಂಗಾದ ಸಪ್ಪಳವಾದರೆ ಸಾಕು, ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದಳು. ದವಾಖಾನೆಯಲ್ಲಿ ನರ್ಸ್ ಆಗಿ ಎಷ್ಟೋ ಸಾವು ಕಂಡವಳು ಅವಳು. ಅಪ್ಪನ ಸಾವನ್ನು ಮಾತ್ರ ಕಂಡಿರಲಿಲ್ಲ. ಮನೆಯವರು ಯಾರೂ ಕಂಡಿರಲಿಲ್ಲ.

ಹಿಂದಿನ ವರ್ಷ ನಿಜಾಮರ ಪರ ನಿಂತ ರಜಾಕಾರರಿಗೆ ಹೆದರಿ ಓಡಿಬಂದವರಿಗೆ ಮಾಸ್ತರರು ಸಾಲೆಯ ಬಾಗಿಲು ತೆರೆದುಕೊಟ್ಟಿದ್ದರು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಹೆದರುವ ಸರದಿ ಮುಸಲ್ಮಾನರಿಗೆ ಬಂತು. ಭಾಲ್ಕಿಯಲ್ಲಿದ್ದ ಅವರ ಗೆಳೆಯ, ಉರ್ದು ಮಾಸ್ತರ ಕುತುಬೋದ್ದೀನರನ್ನು ಯಾರೋ ಕೊಂದರೆಂದೂ ಹೆಂಡತಿ ವಹೀದಾ ಒಬ್ಬಳೇ ಉಳಿದಿದ್ದಾಳೆಂದೂ ಸುದ್ದಿ ಮುಟ್ಟಿತು.

"ಆಕೀನ್ನ ಔರಾದಕ್ಕ, ಆಕಿ ತಮ್ಮನ ಮನಿಗಿ ಮುಟ್ಟಿಸಿ ಬರ್ತೇನಿ," ಎಂದು ಮಾಸ್ತರರು ಹೊರಟು ನಿಂತರು.

ದೇಬೋರಾ ಅಡ್ಡ ನಿಂತಿದ್ದಳು. "ನಾಳಿ ನಮಗೇನರ ಆದ್ರ ಯಾರು ಬರ್ತಾರಪ್ಪಾ? ಊರಿನವರೇ ನಿಮಗ ಹೆಚ್ಚಾದ್ರ ಹೋಗ್ರಿ, ತಿರುಗಿ ಬರಬ್ಯಾಡ್ರಿ!"

ಅವರು ತಿರುಗಿ ಬರಲಿಲ್ಲ. ತಿಂಗಳ ಮೇಲೆ ಚರ್ಚಿನ ವಿಳಾಸಕ್ಕೆ ಸಹಿಯಿಲ್ಲದ ಒಂದು ಉರ್ದು ಕಾಗದ ಬಂತು. ಮಾಸ್ತರರು ಇಂಥ ತಾರೀಖು ಜ್ವರದಿಂದ ತೀರಿಕೊಂಡರು, ಮಣ್ಣಾಗಿದೆ, ಅಷ್ಟೇ. ಎಲ್ಲಿ ಎಂಬುದಿರಲಿಲ್ಲ. ದೇಬೋರಾ ಭಾಲ್ಕಿಗೆ ಎರಡು ಸಲ, ಔರಾದಕ್ಕೆ ಒಂದು ಸಲ ಹೋಗಿ ಕಂಡಕಂಡವರನ್ನು ಕೇಳಿದ್ದಳು. ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ತಾನಾಡಿದ ಮಾತು ಅವಳನ್ನು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ.

ಚಾಪೆಯ ಮೇಲೆ ಕುಳಿತ ದತ್ತಾತ್ರಿ ಈಗ ಕಚೇರಿಯಲ್ಲಿ ಗುಮಾಸ್ತ, ಒಂದು ಕಾಲಕ್ಕೆ ಮಾಸ್ತರರ ವಿದ್ಯಾರ್ಥಿ. ಅವನು ಹೇಳುತ್ತಿದ್ದ: "ಸಾಲಿ ಬಿಟ್ಟು ಕಮಠಾಣದಾಗ ಎಮ್ಮಿ ಕಾಯ್ಲಿಕ್ಕ ಹೋಗಿದ್ದೆರಿ. ಮಾಸ್ತರ ಅಲ್ಲಿತನಾ ನಡಕೋತ ಬಂದ್ರು. ಬೈಲಿಲ್ಲ, ಬಡೀಲಿಲ್ಲ. ಎಮ್ಮಿ ಬಾಜೂಕ ಕೂತು ಭೂಗೋಳ ಹೇಳ್ಲಿಕ್ಕ ಚಾಲೂ ಮಾಡಿದ್ರು. ಮೂರು ದಿನ ಬಂದ್ರು ನೋಡ್ರಿ. ನಾಕನೇ ದಿನ ನಮ್ಮವ್ವನೇ, ‘ಹೋಗೋ ಮಾರಾಯಾ, ಆ ಮನಷ್ಯಾನ ಕಾಲು ಸವದಾವು’ ಅಂದ್ಳು."

ಎಲ್ಲರೂ ನಕ್ಕರು. ಮಾಸ್ತರರ ಹೆಂಡತಿ ಮಾರ್ಗರೆಟಳೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ದೇಬೋರಾಳಿಗೆ ನಗು ಬರಲಿಲ್ಲ. ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೊರಟವಳಿಗೆ ತಲೆಬಾಗಿಲಲ್ಲಿ ಇಬ್ಬರು ನಿಂತದ್ದು ಕಂಡಿತು. ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಕುರಿಗಾರ. ಅವನ ಹಿಂದೆ ಬುರ್ಖಾ ತೊಟ್ಟ ಹೆಂಗಸು.

"ದೇಬೋರಾ ಬೇಟಿ," ಎಂದಳು ಆ ಹೆಂಗಸು.

ಕಪ್ಪುಗಳನ್ನು ಎಲ್ಲಿಟ್ಟಳೋ ದೇಬೋರಾಳಿಗೆ ಗೊತ್ತಾಗಲಿಲ್ಲ. "ವಹೀದಾ ಚಾಚಿ! ಅಪ್ಪ ಎಲ್ಲಿ? ಎಲ್ಲಿ ಮಣ್ಣು ಮಾಡೀರಿ?"

ಒಳಗೆ ಬಂದು ಕೂತ ಮೇಲೆ ವಹೀದಾ ಹೇಳಿದಳು. ಮಾಂಜ್ರಾ ಹೊಳೆ ದಂಡೆ ತುಂಬಿ ಹರಿಯುತ್ತಿತ್ತು. ಸಿಕ್ಕಿದ್ದು ಒಬ್ಬರು ಕೂರುವಷ್ಟು ತೆಪ್ಪ. "ನನಗ ಅದ್ರಾಗ ಕೂಡಿಸಿ, ತಾವು ಹಿಡಕೊಂಡು ನೀರಾಗ ಬಂದ್ರು. ಆ ಮ್ಯಾಲ ಎರಡು ದಿನ ಮಳ್ಯಾಗ ಜ್ವಾಳದ ಹೊಲದಾಗ ಅಡಗಿ ಕೂತೆವು. ಜ್ವರ ಅಲ್ಲೇ ಹತ್ತಿತು. ಈ ಮಡೆಪ್ಪಣ್ಣ ನೋಡಿ ತನ್ನ ಮನಿಗಿ ಹೊತಗೊಂಡು ಹೋದ. ಐದನೇ ದಿನ ಹೋಗಿಬಿಟ್ರು."

"ಒಂದ್ ವರ್ಷ!" ದೇಬೋರಾ ದನಿ ಏರಿಸಿದಳು. "ಒಂದ್ ವರ್ಷ ಬಾಯಿ ಮುಚಗೊಂಡು ಕೂತ್ರೇನು? ಔರಾದ ಸಂತ್ಯಾಗ ನಿಂತು ಹುಚ್ಚಿಗತೆ ಕೇಳೀನಿ ನಾನು!"

"ನೋಡೇನ್ರಿ ತಾಯಿ," ಎಂದ ಮಡೆಪ್ಪ ತಲೆ ಎತ್ತದೆ. "ಎರಡು ಮಾರು ದೂರ ನಿಂತಿದ್ದೆರಿ. ಹೇಳಬೇಕಂತ ಹೆಜ್ಜಿ ಮುಂದಿಟ್ಟೆ. ಆಗಲಿಲ್ಲ. ಇವರ ತಮ್ಮ ಹೈದ್ರಾಬಾದಿಗಿ ಓಡಿಹೋಗಿದ್ದ. ಇವರ್ನ ನನ್ನ ಹೆಂಡ್ತಿ ಅಕ್ಕ ಅಂತ ಹೇಳಿ ಮನ್ಯಾಗ ಇಟಗೊಂಡಿದ್ದೆವು. ಸುದ್ದಿ ಹೊರಗ ಬಿದ್ರ ಯಾರೂ ಉಳೀತಿರಲಿಲ್ಲ. ಮಾಸ್ತರ ಕಡೀಕ ನನ್ನ ಕೈಲೆ ಆಣಿ ಮಾಡಿಸ್ಯಾರರಿ. ಈಕಿ ತಮ್ಮ ಬಂದು ಕರಕೊಂಡು ಹೋಗೋತನಕ ಬೀದರದಾಗ ನಮ್ಮ ಮನಿಯವರ ಮುಂದೂ ಹೇಳಬ್ಯಾಡ ಅಂತ."

"ನನಗ ತಡೀಲಿಲ್ಲ. ಕಳ್ಳತನದಿಂದ ಕಾಗದ ಬರದೆ," ಎಂದಳು ವಹೀದಾ. "ಹ್ವಾದ ವಾರ ತಮ್ಮ ಬಂದ. ನಾಳಿ ಹೈದ್ರಾಬಾದಿಗಿ ಹೋಗ್ತೇನಿ. ಇಲ್ಲಿಗಿ ಬರದೆ ಹೋಗಲ್ಲ ಅಂದೆ."

ದೇಬೋರಾಳ ಸಿಟ್ಟು ಎದುರಿಗಿದ್ದವರನ್ನು ಬಿಟ್ಟು ಅಪ್ಪನ ಮೇಲೆ ತಿರುಗಿತು. ಸಾಯುವಾಗಲೂ ಮನೆಯವರನ್ನು ಹಿಂದಿಟ್ಟರಲ್ಲ! ಅವಳು ಎದ್ದು ಹಿತ್ತಲಿಗೆ ಹೋಗಿ ಅತ್ತಿಂದಿತ್ತ ತಿರುಗಿದಳು. ಮತ್ತೆ ಒಳಗೆ ಬಂದಾಗ ಮಾರ್ಗರೆಟ ವಹೀದಾಳ ಎರಡೂ ಕೈ ಹಿಡಿದು ಕೂತಿದ್ದಳು. ಇಬ್ಬರು ವಿಧವೆಯರು ಅಳುತ್ತಿದ್ದರು.

"ನನ್ನ ಮೊಣಕಾಲು ಆಗಂಗಿಲ್ಲ. ನೀ ಹೋಗಿ ನೋಡಿ ಬಾ," ಎಂದಳು ಮಾರ್ಗರೆಟ.

ಮರುದಿನ ಮುಂಜಾನೆ ದೇಬೋರಾ ಮಡೆಪ್ಪನ ಜೊತೆ ಹೊರಟಳು. ಹೊಳೆಯತನಕ ಮೋಟಾರು, ಅಲ್ಲಿಂದ ದೋಣಿ, ಆಮೇಲೆ ಎರಡು ತಾಸಿನ ನಡಿಗೆ. ಮಡೆಪ್ಪನೇ ಹಿಂದೆ ಬೀಳುವಷ್ಟು ಜೋರಾಗಿ ನಡೆದಳು.

ಹೊಲದ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ ಕಲ್ಲು ಜೋಡಿಸಿದ ಒಂದು ಗೋರಿ. ಕುರಿ ತುಳಿಯದಂತೆ ಸುತ್ತ ಜಾಲಿ ಮುಳ್ಳಿನ ಬೇಲಿ. ಕಲ್ಲಿಗೆ ಸುಣ್ಣ, ಅದರ ಮೇಲೆ ಅರಿಶಿಣ, ಒಣಗಿದ ಚೆಂಡುಹೂ.

ಮಡೆಪ್ಪನ ಹೆಂಡತಿ ಸಖುಬಾಯಿ ಸಂಕೋಚದಿಂದ ಬಂದು ನಿಂತಳು. "ನಿಮ್ಮ ಪದ್ಧತಿ ನಮಗ ಗೊತ್ತಿಲ್ಲರಿ ಅಕ್ಕೋರ. ನಮಗ ತಿಳದಂಗ ನಾವು ಮಾಡೀವಿ, ವಹೀದಾಬಿ ತನಗ ತಿಳದಂಗ ಓದ್ಯಾಳ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ದೇಬೋರಾ ಬೇಲಿಯ ಹೊರಗೇ ನಿಂತು ಕೇಳಿದಳು. "ಜ್ವರದಾಗ ಏನರ ಅಂದ್ರೇನು?"

"ಸಾಲ್ಯಾಗ ಇದ್ದಂಗ ಹೆಸರು ಕರೀತಿದ್ರರಿ, ಹಾಜರಿ ಹಿಡ್ಯಾಕ. ಯಾರೂ ಓಗೊಡಲಿಲ್ಲಂದ್ರ ಏಳ್ಲಿಕ್ಕ ನೋಡ್ತಿದ್ರು. ಅದಕ್ಕ ನಾನೇ ಎಲ್ಲಾ ಹೆಸರಿಗೂ ‘ಹಾಜರ್ರಿ’ ಅಂತಿದ್ದೆ." ಸಖುಬಾಯಿ ದೇಬೋರಾಳ ಕಡೆ ನೋಡಿ ಅಂದಳು, "ದೇಬೋರಾ ಅನ್ನೋ ಹೆಸರು ಬಾಳ ಸಲ ಕರದ್ರು. ಬಾಳ ಸಲ ಹಾಜರ್ರಿ ಅಂದೆ. ಆಗ ಸುಮ್ಮನ ಮಲಗ್ತಿದ್ರು."

ದೇಬೋರಾ ಬೇಲಿಯ ಮುಳ್ಳನ್ನು ಸರಿಸಿ ಒಳಗೆ ಹೋದಳು. ಕಲ್ಲುಗಳ ನಡುವೆ ಬೆಳೆದ ಹುಲ್ಲನ್ನು ಕಿತ್ತಳು. ಕೀಳುತ್ತ ಕೀಳುತ್ತ ದೊಡ್ಡ ದನಿಯಲ್ಲಿ ಅತ್ತಳು. ಸಖುಬಾಯಿ ತಡೆಯಲಿಲ್ಲ. ತಾನೂ ಒಳಗೆ ಬಂದು ಹುಲ್ಲು ಕೀಳತೊಡಗಿದಳು.

ಬಿಸಿಲು ಇಳಿದಾಗ ಮಡೆಪ್ಪ ಮೆಲ್ಲಗೆ ಕೇಳಿದ. "ಬೀದರಕ್ಕ ಒಯ್ತೀರೇನ್ರಿ ತಾಯಿ, ನಿಮ್ಮವರ ನಡುವ?"

ದೇಬೋರಾ ಕಿತ್ತ ಹುಲ್ಲನ್ನು ಬೇಲಿಯಾಚೆ ಹಾಕಿದಳು. "ನನಗ ಇನ್ನಾ ಏನೂ ತಿಳೀವಲ್ದು ಮಡೆಪ್ಪಣ್ಣ," ಎಂದಳು. "ಸದ್ಯ ಇಲ್ಲೇ ಇರಲಿ. ಹೊಳಿ ಇಳೀಲಿ, ಅವ್ವನ್ನ ಕರಕೊಂಡು ಬರ್ತೇನಿ."

"ಹೊಳಿ ದಂಡೀಗಿ ಅವ್ವಾರ ಸಲುವಾಗಿ ಬಂಡಿ ತರ್ತೇನ್ರಿ," ಎಂದ ಮಡೆಪ್ಪ.