ಕೊಕ್‌ಸಾಯ್ ತಿರುವು

ಮುಂದಿನ ಕಾರಿನ ನೆತ್ತಿಯ ಮೇಲೆ ಹಳದಿ ದೀಪ ಸುತ್ತುತ್ತಿದೆ, ಈ ಬಿಸಿಲಲ್ಲಿ ಅದಕ್ಕೆ ಬೆಳಕೇ ಇಲ್ಲ, ಸುಮ್ಮನೆ ಸುತ್ತುತ್ತಿದೆ, ನನ್ನ ಕಣ್ಣೂ ಹಾಗೇ, ಎಡ ಕನ್ನಡಿ, ಬಲ ಕನ್ನಡಿ, ಮತ್ತೆ ಎಡ — ಬೆನ್ನ ಹಿಂದೆ ಗಾಳಿಯಂತ್ರದ ಒಂದೇ ಒಂದು ರೆಕ್ಕೆ ಮಲಗಿದೆ, ಒಂದು ಬೀದಿಯಷ್ಟು ಉದ್ದ, ಖೋರ್ಗೊಸ್ ಗಡಿಯಲ್ಲಿ ಅದನ್ನು ಹೇರಿಕೊಂಡಾಗಿನಿಂದ ಸೊಂಟ ನನ್ನದಲ್ಲ, ಕುತ್ತಿಗೆ ನನ್ನದಲ್ಲ, ಕ್ಲಚ್ಚಿನ ಮೇಲಿರುವ ಪಾದ ಯಾರದೋ. ಅಲ್ಮಾಟಿಯಲ್ಲಿ ಟ್ರಾಲಿಬಸ್ ಓಡಿಸುವಾಗ ನೆತ್ತಿಯ ಮೇಲಿನ ತಂತಿಯೇ ನನ್ನನ್ನು ಹಿಡಿದು ನಡೆಸುತ್ತಿತ್ತು, ತಂತಿ ತಪ್ಪಿದರೆ ಬಸ್ಸು ಅಲ್ಲೇ ಸತ್ತಂತೆ, ಈಗ ತಂತಿ ಕಂಡರೆ ರೆಕ್ಕೆಗೆ ತಗುಲೀತೆಂದು ಭಯ. ಆ ಮಾರ್ಗ ನಿಂತಿತು, ಡಿಪೋ ಬಾಗಿಲು ಹಾಕಿದರು, ಈ ವಯಸ್ಸಿನ ಹೆಂಗಸಿನ ಕೈಗೆ ಇನ್ಯಾರು ಸ್ಟೀರಿಂಗ್ ಕೊಡುತ್ತಾರೆ ಮರ್ಜಾನ್ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಕೊಟ್ಟರು, ಪರೀಕ್ಷೆಗೆಂದು ಈ ಒಂದು ಸರಕು, ಕ್ಷೇಮವಾಗಿ ಮುಟ್ಟಿಸಿದರೆ ಕೆಲಸ ಕಾಯಂ, ರೆಕ್ಕೆಗೆ ಗೀರು ಬಿದ್ದರೂ ಮನೆಗೆ. ವಾಕಿಟಾಕಿಯಲ್ಲಿ ಮುಂದಿನ ಕಾರಿನ ಗನಿ ಕೀಟಲೆ ಶುರು ಮಾಡುತ್ತಾನೆ, ಆಪಾ, ಮುಂದಿನ ಸ್ಟಾಪ್ ಯಾವ್ದು, ಟಿಕೆಟ್ ತಗೊಂಡಿಲ್ಲ ನಾನು — ಬಾಯಿ ಮುಚ್ಕೊಂಡು ರಸ್ತೆ ನೋಡೋ, ಇಲ್ದಿದ್ರೆ ಇಳಿಸಿಬಿಡ್ತೀನಿ. ಹಿಂದಿನ ಗಾಡಿಯಲ್ಲಿ ಸೇಯ್ತ್‌ಖಾನ್ ಅಗಾ ಕೆಮ್ಮುವುದು ಕೇಳುತ್ತದೆ. ತಿರುವುಗಳಲ್ಲಿ ಕೆಳಗಿಳಿದು, ಕೊರಳಿಗೆ ರಿಮೋಟ್ ನೇತುಹಾಕಿಕೊಂಡು, ನಡೆಯುತ್ತಲೇ ಟ್ರೈಲರಿನ ಹಿಂದಿನ ಚಕ್ರಗಳನ್ನು ತಿರುಗಿಸುವವರು ಅವರು, ನನ್ನ ಗುರು, ಗುರು ಎಂದರೆ ಸಿಡುಕುತ್ತಾರೆ. ಬ್ರೇಕ್ ಅಂತ ಒಂದಿದೆ ಅನ್ನೋದನ್ನೇ ಮರ್ತುಬಿಡು ತಂಗಿ, ನಿಲ್ಲಬೇಕಾದ್ರೆ ತುಂಬ ಮುಂಚೆನೇ ನಿಲ್ಲೋಕೆ ಶುರು ಮಾಡು.

ಈಗ ನಿಲ್ಲಲು ಶುರು ಮಾಡಿದ್ದೇನೆ, ಏಕೆಂದರೆ ಗನಿಯ ದನಿ ಬದಲಾಗಿದೆ, ಆಪಾ, ಕೊಕ್‌ಸಾಯ್ ತಿರುವಲ್ಲಿ ಒಂದು ತೊಂದ್ರೆ ಇದೆ. ದಾರಿ ಅಳೆಯಲು ಬಂದಾಗ ತಿರುವಿನ ಬದಿಯ ಮನೆಯಂಗಳ ಖಾಲಿಯಿತ್ತು, ಮೋಟು ಗೋಡೆ, ಒಂದು ನಾಯಿ, ಅಷ್ಟೇ, ನಾನು ಎಡಕ್ಕೆ ತಿರುಗಿದರೆ ರೆಕ್ಕೆಯ ಬಾಲ ಬಲಕ್ಕೆ ಬೀಸಿ ಆ ಅಂಗಳದ ಮೇಲಿಂದ ಹಾದು ಬರಬೇಕು, ಬೇರೆ ದಾರಿಯಿಲ್ಲ. ಇವತ್ತು ಅಲ್ಲಿ ಬಿಳಿ ಯೂರ್ತ್ ಎದ್ದಿದೆ, ಮನೆಯಿದ್ದೂ ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿದೆಯೆಂದರೆ ಕೇಳಬೇಕಾಗಿಲ್ಲ, ಸಾವಿನ ಮನೆ, ಬಾಗಿಲಲ್ಲಿ ಗಂಡಸರು ಕೋಲೂರಿ ನಿಂತಿದ್ದಾರೆ, ಒಳಗಿಂದ ಹೆಂಗಸರ ಅಳು ರಾಗವಾಗಿ ಏಳುತ್ತಿದೆ, ಇಳಿಯುತ್ತಿದೆ. ಹಿಂದೆ ಸರಿಯುವ ಹಾಗಿಲ್ಲ, ಆಗಲೇ ನಮ್ಮ ಬೆನ್ನಿಗೆ ಗಾಡಿಗಳ ಸಾಲು. ಮಣ್ಣು ಯಾವಾಗ ಅಂತ ಕೇಳ್ಕೊಂಡು ಬಂದೆ, ಗನಿ ಹೇಳುತ್ತಾನೆ, ನಾಳೆಯಂತೆ, ಮಗಳು ದೂರದಿಂದ ಬರ್ಬೇಕಂತೆ. ಹಂಗಾದ್ರೆ ನಾಳೆ ತನಕ ಕಾಯೋದು ಎನ್ನುತ್ತಾರೆ ಅಗಾ, ಆದರೆ ಬೆಟ್ಟದ ಕಡೆ ನೋಡುತ್ತಾರೆ, ಸಂಜೆಗೆ ಗಾಳಿ ಏಳುತ್ತದೆ, ಗಾಳಿಯಲ್ಲಿ ಈ ರೆಕ್ಕೆ ಇಲ್ಲಿ ಅಡ್ಡ ನಿಂತರೆ ಗಾಡಿಯನ್ನೇ ಮಗುಚಿಬಿಡುತ್ತದೆ. ಯಾರಾದರೂ ಮಾತಾಡಬೇಕು, ಒಳಗಿರುವವರು ಹೆಂಗಸರು, ಹಾಗಾಗಿ ನಾನೇ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗುತ್ತೇನೆ, ಒಳಗೆ ಕಂಬಳಿ ವಾಸನೆ, ಚಹಾದ ವಾಸನೆ, ಪರದೆಯಾಚೆ ಸತ್ತವನು, ಈಚೆ ಹೆಂಡತಿ, ಅತ್ತು ದನಿ ಹೋದವಳು, ಪದ್ಧತಿಯಂತೆ ನಾನೂ ಅವಳನ್ನು ತಬ್ಬಿ ಅತ್ತೆ, ನಟನೆಯೆಂದುಕೊಂಡರೆ ಅಳು ನಿಜಕ್ಕೂ ಬಂತು, ಎಲ್ಲಿಂದ ಬಂತೋ, ಇಡೀ ದಾರಿ ತಡೆಹಿಡಿದದ್ದು. ಅವಳೇ ಕೇಳಿದಳು, ಆಚೆ ಅಷ್ಟೊಂದು ಹಾರ್ನ್ ಯಾಕೆ? ಹೇಳಿದೆ. ಪರದೆಯತ್ತ ಕೈ ತೋರಿಸಿದಳು. ಇವ್ರು ಯಾರನ್ನೂ ಬಾಗಿಲಲ್ಲಿ ಕಾಯಿಸ್ದೋರಲ್ಲ, ಇವತ್ತು ಊರಿಗೆ ಊರನ್ನೇ ಕಾಯಿಸ್ಬೇಕಾ, ಎತ್ರೋ ಗುಡಾರಾನ. ಮೈದುನ ಹೊಸ್ತಿಲಲ್ಲೇ ಸಿಡಿದ, ಅತ್ತಿಗೆ, ಅಣ್ಣನ್ನ ಬಯಲಲ್ಲಿ ಮಲಗಿಸ್ತೀಯಾ? ಕುರಿ ಕಾಯ್ಕೊಂಡು ಜೀವಮಾನ ಎಲ್ಲಾ ಬಯಲಲ್ಲೇ ಮಲಗ್ದೋರು ಕಣಪ್ಪಾ, ಎತ್ತು.

ಎತ್ತಿದರು, ಗಂಡಸರೆಲ್ಲ ಒಳಗೆ ನುಗ್ಗಿ ಜಾಲರಿ ಗೋಡೆ ಹಿಡಿದು ಬಿಸ್ಮಿಲ್ಲಾ ಎಂದರು, ಯೂರ್ತ್‌ಗೆ ಕಾಲು ಬಂದ ಹಾಗೆ ಅದು ನಡೆಯಿತು, ಅಂಗಳದ ಆ ಮೂಲೆಗೆ, ಚಾಪೆಯ ಮೇಲೆ ಅವನೊಬ್ಬನೇ ಉಳಿದ, ಮುಖಕ್ಕೆ ತೆಳು ಬಿಳಿ ಬಟ್ಟೆ. ಪಕ್ಕದಲ್ಲಿ ಕೂತ ಅವಳು ಎದ್ದೇಳಲಿಲ್ಲ. ಏಳಿ ತಾಯಿ, ಅಪಾಯ ಎಂದರು ಅಗಾ, ಅವಳು ನನ್ನ ಕಡೆ ನೋಡಿ, ನೀನೇ ತಾನೆ ಓಡಿಸೋದು, ನಿಧಾನಕ್ಕೆ ಹೋಗು ಎಂದಳು. ಈಗ ಮೊದಲ ಗೇರು, ಎಳಿ ತಂಗಿ, ಎಳಿ, ಹಾಗೇ, ಉಸಿರು ಬಿಡ್ಬೇಡ, ಅಗಾ ಗೋಡೆಯ ಪಕ್ಕ ಓಡುತ್ತಾ ಚಕ್ರ ತಿರುಗಿಸುತ್ತಿದ್ದಾರೆ, ತುದಿ ಗೋಡೆ ದಾಟಿತು, ಆಳೆತ್ತರಕ್ಕಿಂತ ತುಸು ಮೇಲೆ, ಬಲ ಕನ್ನಡಿಯಲ್ಲಿ ಅವಳು, ತೋಳು ಚಾಚಿ ತನ್ನ ಅಗಲ ತೋಳಂಗಿಯಿಂದ ಅವನ ಮುಖಕ್ಕೆ ಬಿಸಿಲು ಬೀಳದಂತೆ ಹಿಡಿದಿದ್ದಾಳೆ. ರೆಕ್ಕೆಯ ನೆರಳು ಬಂತು, ಅವನ ಮೇಲೆ ಬಿತ್ತು, ಆಗ ಅವಳು ಕೈ ಇಳಿಸಿ ಮಡಿಲಲ್ಲಿಟ್ಟುಕೊಂಡಳು, ನೆರಳು ಸರಿಯಿತು, ಮತ್ತೆ ಕೈ ಎತ್ತಿದಳು. ದಾಟ್ತು, ಎಂದರು ಅಗಾ, ಗೀರಿಲ್ಲ ತಂಗಿ, ಆಯ್ತು, ನೀನು ಡ್ರೈವರ್ ಆದೆ. ಯಾರೋ ಕಿಟಕಿಯಿಂದ ಬಿಸಿ ಬೋರ್ಸೊಕ್ ಕೊಟ್ಟರು, ಕರಿದ ಹಿಟ್ಟಿನ ಘಮ, ಸತ್ತವನ ಹೆಸರಲ್ಲಿ ತಿನ್ನಿ ಎಂದರು, ತಿನ್ನುತ್ತಿದ್ದೇನೆ. ಊರು ಮುಗಿಯಿತು, ರಸ್ತೆ ನೆಟ್ಟಗೆ, ಹುಲ್ಲು, ಬೂದು ಬೆಟ್ಟ, ಕೆಲಸ ಸಿಕ್ಕ ಹಾಗೆಯೇ, ಸಂತೋಷಪಡಬೇಕು, ಆಮೇಲೆ ಪಡೋಣ, ನಿದ್ದೆ ಮಾಡಿ ಎದ್ದ ಮೇಲೆ — ಎಡ ಕನ್ನಡಿ ಖಾಲಿ, ಬಲ ಕನ್ನಡಿಯೂ ಖಾಲಿ, ಆದರೂ ಅಲ್ಲೇ — ಅವಳ ಕೈ ಇಳಿಯುತ್ತದೆ, ನೆರಳು ಸರಿಯುತ್ತದೆ, ಕೈ ಏಳುತ್ತದೆ — ರಸ್ತೆ ನೋಡು ಮರ್ಜಾನ್, ರಸ್ತೆ — ಕೈ ಇಳಿಯುತ್ತದೆ, ಮಡಿಲಲ್ಲಿ ಒಂದು ಗಳಿಗೆ, ಅಷ್ಟೇ, ಮತ್ತೆ ಏಳುತ್ತದೆ, ಆ ಕೈ